ಕುರಿದೊಡ್ಡಿಯ ಗೋಡೆಗೆ ಹೋದ ಕಲ್ಲುಗಳು

ಏಪ್ರಿಲ್ 3, ಗುರುವಾರ

ಬರೆಯಬೇಕಂತೆ. ಎಪ್ಪತ್ತೇಳು ವರ್ಷ ಬರೆಯದೆ ಬದುಕಿದವಳು ಈಗ ದಿನಾ ಕೂತು ಬರೆಯಬೇಕಂತೆ. ನರ್ಸು ಬಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, ಮುಖ ಸಣ್ಣದು ಮಾಡಿಕೊಂಡು, ಅಟ್ರಾಕ್ಟಾ, ಸಿಟ್ಟನ್ನು ಜನರ ಮೇಲೆ ಹಾಕಬೇಡಿ, ಕಾಗದದ ಮೇಲೆ ಹಾಕಿ, ರಕ್ತದೊತ್ತಡ ಇಳಿಯುತ್ತದೆ ಎಂದಳು. ಕಾಗದ ನನಗೆ ಏನು ಕೇಡು ಮಾಡಿದೆ? ಸಿಟ್ಟು ಬರಿಸುವವರು ಜನ. ಅವರನ್ನು ಬಿಟ್ಟು ಕಾಗದದ ಹತ್ತಿರ ಜಗಳ ತೆಗೆ ಎನ್ನುತ್ತಾಳೆ. ಇದಕ್ಕೆ ಓದಿ ಬಂದಿದ್ದಾಳೆ.

ನಾನು ಶಾಲೆ ಬಿಟ್ಟಾಗ ಹನ್ನೆರಡು. ಅಮ್ಮ ಹಾಸಿಗೆ ಹಿಡಿದಿದ್ದಳು, ಹಸು ಕರೆಯಲು ಬೇರೆ ಕೈ ಇರಲಿಲ್ಲ. ಆಮೇಲೆ ನಾನು ಬರೆದದ್ದು ಎಂದರೆ ಕುರಿಯ ಬೆನ್ನಿನ ಮೇಲೆ ನೀಲಿ ಬಣ್ಣದ ಗುರುತು ಮಾತ್ರ.

ಪುಸ್ತಕ ತಂದುಕೊಟ್ಟವಳು ಏಮರ್. ನನ್ನ ತೀರಿಹೋದ ತಮ್ಮನ ಮಗಳು. ಗಂಡ ರೋನನ್ ಸಮುದ್ರದ ತಳದಲ್ಲಿ ಕೇಬಲ್ ಹಾಸುವ ಹಡಗಿನಲ್ಲಿದ್ದಾನೆ, ಮನೆಗೆ ಬಂದರೆ ಬಂದ. ಅವಳಿಗೆ ಈಗ ಐದು ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲ. ಪಟ್ಟಣದ ಮಹಡಿಯಲ್ಲಿ ಒಬ್ಬಳೇ ಇರಬೇಡ ಎಂದು ಡಾಕ್ಟರು ಹೇಳಿದ್ದಕ್ಕೆ ಫೆಬ್ರವರಿಯಲ್ಲಿ ಇಲ್ಲಿಗೆ ಬಂದಳು. ಕೋಣೆ ಖಾಲಿ ಇತ್ತು, ಇರು ಎಂದೆ. ಅಷ್ಟೇ. ಹೊತ್ತಲ್ಲದ ಹೊತ್ತಿನಲ್ಲಿ ಟೋಸ್ಟ್ ಸುಡುತ್ತಾಳೆ. ರೇಡಿಯೊವನ್ನು ಬೇರೆ ಸ್ಟೇಷನ್ನಿಗೆ ತಿರುಗಿಸುತ್ತಾಳೆ. ನಾನು ಮಾಡಿದ ಚಹಾ ಕಡುಪು ಎಂದು ಅದಕ್ಕೆ ನೀರು ಬೆರೆಸುತ್ತಾಳೆ.

ಇವತ್ತು ಬೆಳಿಗ್ಗೆ ಇನ್ನೊಂದು ಕುರಿ ಕಂದು ಹಾಕಿತು. ಈ ವಾರ ಇದೇ ಕೆಲಸ. ಪಶುವೈದ್ಯ ಬಂದು ಸತ್ತ ಮರಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಹೋಗುವಾಗ, ಮನೆಯಲ್ಲಿ ಬಸುರಿ ಇದ್ದಾಳಲ್ಲ, ಅವಳು ದೊಡ್ಡಿಯ ಕಡೆ ಸುಳಿಯಬಾರದು, ನಿಮ್ಮ ಕೋಟನ್ನೂ ಮುಟ್ಟಬಾರದು ಎಂದ. ಕುರಿಯ ವಿಷಯ ನನಗೇ ಹೇಳಿಕೊಡುತ್ತಾನೆ, ಮೀಸೆ ಬಲಿಯದವನು.

ಸಾಕು. ಕೈ ನೋಯುತ್ತಿದೆ.

ಏಪ್ರಿಲ್ 5, ಶನಿವಾರ

ಫೆಸ್ಟಸ್ ಬಂದಿದ್ದ. ಪಕ್ಕದ ಜಮೀನಿನವನು, ಈ ಕಡೆ ಕಲ್ಲುಗೋಡೆ ಕಟ್ಟುವವನು ಅವನೊಬ್ಬನೇ ಉಳಿದಿರುವುದು. ಸತ್ತ ಮರಿಗಳ ಸುದ್ದಿ ಕೇಳಿ ಬಂದೆ ಎಂದ. ಬಂದವನು ಕುರಿಗಳ ಮುಖ ನೋಡಲಿಲ್ಲ. ದೊಡ್ಡಿಯ ಗೋಡೆಯ ಮುಂದೆ ನಿಂತು, ಟೋಪಿ ಹಿಂದಕ್ಕೆ ತಳ್ಳಿ, ಹೂಂ ಎಂದ. ಆ ಹೂಂಗೆ ಕಪಾಳಕ್ಕೆ ಕೊಡಬೇಕಿತ್ತು.

ವಿಷಯ ಇಷ್ಟೇ. ಚಳಿಗಾಲದಲ್ಲಿ ಗುಡ್ಡ ಹತ್ತಿ ಬರುವ ಊರೂರಿನ ಜನ ತುದಿಯಲ್ಲಿರುವ ಕಲ್ಲುಗುಪ್ಪೆಯ ತಲೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಕಾಲಿಗೆ ಸಿಕ್ಕಿ ಕಲ್ಲು ಜಾರುತ್ತದೆ, ಉರುಳಿ ನನ್ನ ಮೇಲಿನ ಹೊಲದ ಬೇಲಿಗೆ ಬಂದು ನಿಲ್ಲುತ್ತದೆ. ಮಾರ್ಚಿ ಮೊದಲಿಗೆ ಮರಿ ಹಾಕುವ ದೊಡ್ಡಿಯ ಗೋಡೆ ಕುಸಿದು ದೊಡ್ಡ ಕಂಡಿ ಬಿತ್ತು. ಕುರಿಗಳಿಗೆ ದಿನ ತುಂಬುತ್ತಾ ಬಂದಿತ್ತು. ಬೇಲಿಯ ಹತ್ತಿರ ಬಿದ್ದ ಕಲ್ಲನ್ನೆಲ್ಲ ಗಾಡಿಗೆ ಹಾಕಿಕೊಂಡು ಬಂದು, ಇದನ್ನಿಟ್ಟು ಕಂಡಿ ಮುಚ್ಚು ಎಂದು ಫೆಸ್ಟಸ್‌ಗೆ ಹೇಳಿದೆ. ಅವನು ಅವತ್ತೇ ರಾಗ ತೆಗೆದಿದ್ದ, ಇವು ಹೊಲದ ಕಲ್ಲಲ್ಲ, ಅವಳವು ಎಂದು. ಕಲ್ಲು ಕಲ್ಲೇ, ಕಟ್ಟು ಎಂದೆ. ಕಟ್ಟಿದ.

ಅವಳು ಎಂದರೆ ಗುಡ್ಡದ ಮುದುಕಿ. ಬೆಟ್ಟದಿಂದ ಬೆಟ್ಟಕ್ಕೆ ಹಾರಿಕೊಂಡು ಬಂದಳಂತೆ, ಏಪ್ರನ್ನಿನ ತುಂಬ ಕಲ್ಲು ಕಟ್ಟಿಕೊಂಡು. ನಮ್ಮ ಗುಡ್ಡದ ಮೇಲೆ ದಾರ ಕಡಿದು ಎಲ್ಲ ಸುರಿಯಿತಂತೆ. ಅದೇ ಕಲ್ಲುಗುಪ್ಪೆ. ಶಾಲೆಯ ಮಾಸ್ತರರು ಅದು ಐದು ಸಾವಿರ ವರ್ಷದ ಗೋರಿ, ಒಳಗೆ ಸುಟ್ಟ ಎಲುಬಿದೆ ಎನ್ನುತ್ತಿದ್ದರು. ಪಾದ್ರಿಗಳು ಎರಡನ್ನೂ ಎನ್ನುತ್ತಿರಲಿಲ್ಲ, ಮಾತು ಬದಲಿಸುತ್ತಿದ್ದರು. ಅಲ್ಲಿಂದ ಕಲ್ಲು ತಂದರೆ ಅವಳು ಬದಲಿಗೆ ಏನಾದರೂ ಒಯ್ಯುತ್ತಾಳೆ ಎಂದು ಫೆಸ್ಟಸ್‌ನ ವಾದ. ಕೆಳಗಿನ ಪಾಳುಮನೆ ಕಟ್ಟಿದವನು ಬಾಗಿಲ ಮೇಲ್ಗಲ್ಲಿಗೆ ಅಲ್ಲಿಂದಲೇ ಒಂದು ಚಪ್ಪಡಿ ತಂದನಂತೆ, ಆ ಬಾಗಿಲಿನೊಳಗೆ ತೊಟ್ಟಿಲು ಹೋಗಲೇ ಇಲ್ಲವಂತೆ. ಆ ಮನುಷ್ಯ ಮದುವೆಯೇ ಆಗಿರಲಿಲ್ಲ, ತೊಟ್ಟಿಲು ಎಲ್ಲಿಂದ ಬರಬೇಕು ಎಂದು ಕೇಳಿದೆ. ಅದೇ ಮತ್ತೆ, ಯಾಕೆ ಆಗಲಿಲ್ಲ ಹೇಳು ಎಂದ.

ಇಂಥವರ ಜೊತೆ ಬದುಕಿ ಬಂದಿದ್ದೇನೆ. ರಕ್ತದೊತ್ತಡ ಏರದೆ ಏನು ಮಾಡುತ್ತದೆ?

ಏಪ್ರಿಲ್ 9, ಬುಧವಾರ

ಪಶುವೈದ್ಯ ಫೋನ್ ಮಾಡಿದ. ಬೆಕ್ಕಿನಿಂದ ಬಂದ ಸೋಂಕಂತೆ. ಮೇವಿನ ಕೊಟ್ಟಿಗೆಯಲ್ಲಿ ಬೆಕ್ಕು ಮರಿ ಹಾಕಿತ್ತು, ಅದರ ಹೊಲಸು ಮೇವಿಗೆ ಬಿದ್ದು, ಮೇವು ಕುರಿಗೆ ಹೋಗಿ. ಮುದುಕಿಯೂ ಇಲ್ಲ ಸುಡುಗಾಡೂ ಇಲ್ಲ. ಕೂಡಲೇ ಹೋಗಿ ಫೆಸ್ಟಸ್‌ಗೆ ಹೇಳಿದೆ. ಅವನು ಟ್ರ್ಯಾಕ್ಟರಿನಿಂದ ಇಳಿಯಲೂ ಇಲ್ಲ. “ಬೆಕ್ಕು ಸರಿ ಅಟ್ರಾಕ್ಟಾ, ಆ ಬೆಕ್ಕನ್ನ ಕರೆದಿದ್ದು ಯಾರು?” ಎಂದ. ಆ ಬೆಕ್ಕು ನವೆಂಬರಿನಲ್ಲಿ ತಾನಾಗಿ ಬಂದು ಸೇರಿಕೊಂಡದ್ದು ನಿಜ. ಬೆಕ್ಕುಗಳು ಬರುತ್ತವೆ. ಅವಕ್ಕೆ ಕರೆಯೋಲೆ ಬೇಕೇ?

ಮನೆಗೆ ಬಂದು ಚಹಾಕ್ಕೆ ನೀರಿಟ್ಟಾಗ ನೆನಪಾಯಿತು.

ಮಾರ್ಚಿಯಲ್ಲಿ, ಇದೆಲ್ಲ ಶುರುವಾಗುವ ಮೊದಲು, ಮೊದಲನೆಯ ಕುರಿ ಎರಡು ಮರಿ ಹಾಕಿತ್ತು. ಒಂದು ಸತ್ತೇ ಬಿತ್ತು, ಇನ್ನೊಂದು ಉಸಿರಾಡುತ್ತಿತ್ತು. ಅದನ್ನು ಹಾಗೇ ಒದ್ದೆಯಲ್ಲೇ ಎತ್ತಿಕೊಂಡು ಅಡುಗೆಮನೆಗೆ ಬಂದೆ. ಏಮರ್ ಒಲೆಯ ಪಕ್ಕ ಕೂತಿದ್ದಳು. ಹಿಡಕೋ, ಉಜ್ಜು ಎಂದು ಅವಳ ಮಡಿಲಿಗೆ ಹಾಕಿದೆ. ಅವಳು ಟವೆಲಿನಿಂದ ಒರೆಸಿದಳು, ಅದರ ಬಾಯಿಗೆ ಬೆರಳಿಟ್ಟು ಚೀಪಿಸಿದಳು. ಆ ಬೆರಳನ್ನು ತೊಳೆದಳೋ ಇಲ್ಲವೋ ನಾನು ನೋಡಲಿಲ್ಲ. ಮರಿ ಸಂಜೆ ಸತ್ತಿತು. ಅವಳು ಅತ್ತಳು. ಕುರಿಮರಿಗೆ ಯಾರಾದರೂ ಅಳುತ್ತಾರೆಯೇ ಎಂದೆ.

ಬಸುರಿಯರು ಮರಿ ಹಾಕುವ ಕುರಿಯ ಹತ್ತಿರ ಹೋಗಬಾರದು ಎಂದು ನನಗೆ ಆ ಮೀಸೆ ಬಲಿಯದವನು ಹೇಳಬೇಕಾಗಿರಲಿಲ್ಲ. ಗೊತ್ತಿತ್ತು. ಅವತ್ತು ಕೈ ಸಾಲುತ್ತಿರಲಿಲ್ಲ.

ಏಪ್ರಿಲ್ 11, ಶುಕ್ರವಾರ

ಆಸ್ಪತ್ರೆಯಲ್ಲಿ ಏಮರ್‌ಳ ರಕ್ತ ತೆಗೆದರು. ಕುರಿಮರಿ ಮುಟ್ಟಿದಿರಾ ಎಂದು ಡಾಕ್ಟರಮ್ಮ ಕೇಳಿದಳು. ಮುಟ್ಟಿದೆ ಎಂದಳು ಏಮರ್. ಕೊಟ್ಟವರು ಯಾರು ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ದಾರಿಯಲ್ಲಿ ಅವಳಿಗೆ ಐಸ್‌ಕ್ರೀಮ್ ಬೇಕೆನ್ನಿಸಿತು. ನಿಲ್ಲಿಸಿದೆ. ನಾನೂ ಒಂದು ತಿಂದೆ, ಹಲ್ಲು ಜುಮ್ಮೆಂದಿತು.

ಏಪ್ರಿಲ್ 24, ಗುರುವಾರ

ಸೋಂಕು ತಗುಲಿದೆ. ಹೊಸದು. ಮಗುವಿಗೆ ದಾಟಿದೆಯೋ ಇಲ್ಲವೋ ಗೊತ್ತಿಲ್ಲ. ದಾಟಿದ್ದರೆ ಕಣ್ಣಿಗೆ ಹೋಗಬಹುದು, ತಲೆಗೆ ಹೋಗಬಹುದು. ದಾಟದೆಯೂ ಇರಬಹುದು. ಗುಳಿಗೆ ಕೊಟ್ಟಿದ್ದಾರೆ, ಸ್ಕ್ಯಾನಿಗೆ ಮತ್ತೆ ಮತ್ತೆ ಬನ್ನಿ ಎಂದಿದ್ದಾರೆ.

ಇರಬಹುದು, ಹೋಗಬಹುದು. ಕುರಿ ಡಾಕ್ಟರನಾದರೂ ಬೆಕ್ಕು ಎಂದು ಬಾಯಿಬಿಟ್ಟು ಹೇಳಿದ.

ಮೇ 6, ಮಂಗಳವಾರ

ಹೊಟ್ಟೆಗೆ ಸೂಜಿ ಹಾಕಿ ಒಳಗಿನ ನೀರು ತೆಗೆದು ನೋಡಿದರೆ ಮಗುವಿಗೆ ದಾಟಿದೆಯೇ ಎಂದು ತಿಳಿಯುತ್ತದಂತೆ. ಆದರೆ ಸೂಜಿಯಿಂದಲೇ ಮಗು ಹೋಗುವ ಭಯವೂ ಒಂದಿಷ್ಟು ಇದೆಯಂತೆ. ಏಮರ್ ಬೇಡ ಎಂದಳು. ರೋನನ್ ಹಡಗಿನಿಂದ ಫೋನಿನಲ್ಲಿ ಮಾಡಿಸು ಎಂದ. ಆಮೇಲೆ ಬೇಡ ಎಂದ. ಆಮೇಲೆ ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ಎಂದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಅಂದರೆ ಹುಟ್ಟುವವರೆಗೆ ಗೊತ್ತಾಗುವುದಿಲ್ಲ. ಆಗಸ್ಟ್ 14ಕ್ಕೆ ದಿನ ಕೊಟ್ಟಿದ್ದಾರೆ.

ಒಂದು ಕಡೆ ಕೂರಲಾಗುತ್ತಿಲ್ಲ. ಕೊಟ್ಟಿಗೆಗೆ ಹೋಗುತ್ತೇನೆ, ಯಾಕೆ ಬಂದೆ ಎಂದು ಮರೆತು ವಾಪಸ್ ಬರುತ್ತೇನೆ. ಮೇವನ್ನೆಲ್ಲ ಹೊರಗೆ ಹಾಕಿ ಸುಟ್ಟೆ. ಬೆಕ್ಕನ್ನು ಫೆಸ್ಟಸ್ ಒಯ್ದ.

ಮೇ 8, ಗುರುವಾರ

ಮಳೆ. ಗುಡ್ಡದ ತಲೆ ಮೋಡದಲ್ಲಿ. ಬರೆಯಲು ಏನೂ ಇಲ್ಲ.

ಮೇ 19, ಸೋಮವಾರ

ದೊಡ್ಡಿಯ ಗೋಡೆ ವಾಲಿದೆ. ಸರಿಯಾಗಿ ಕಟ್ಟಿಲ್ಲ. ಕುರಿಯ ಮೇಲೆ ಬಿದ್ದರೆ ಯಾರು ಹೊಣೆ? ಬಿಚ್ಚಿ ಹೊಲದ ಕಲ್ಲಿನಿಂದಲೇ ಮತ್ತೆ ಕಟ್ಟು ಎಂದು ಫೆಸ್ಟಸ್‌ಗೆ ಹೇಳಿಕಳುಹಿಸಿದೆ. ಅವನು ಬಂದು ಗೋಡೆಗೆ ಹೆಗಲು ಕೊಟ್ಟು ಒತ್ತಿದ. ಅಲುಗಲಿಲ್ಲ.

“ಇದು ನಮ್ಮಿಬ್ಬರಿಗಿಂತ ನೆಟ್ಟಗೆ ನಿಂತಿದೆಯಲ್ಲೇ,” ಎಂದ.

“ವಾಲಿದೆ ಅಂದ್ರೆ ವಾಲಿದೆ. ಬಿಚ್ಚು.”

“ಕಲ್ಲು ಕಲ್ಲೇ ಅಂದವಳು ನೀನು.”

“ನಾನು ಎಷ್ಟೋ ಅಂದಿದ್ದೀನಿ. ನಿನ್ನನ್ನ ಒಳ್ಳೆ ಕೆಲಸಗಾರ ಅಂತಾನೂ ಅಂದಿದ್ದೆ.”

ಅವನು ಕೋಟು ಬಿಚ್ಚಿ ಬೇಲಿಗೆ ನೇತುಹಾಕಿದ. ಮಧ್ಯಾಹ್ನದ ಹೊತ್ತಿಗೆ ಗೋಡೆ ಬಿಚ್ಚಿತ್ತು. ಗುಪ್ಪೆಯಿಂದ ಬಂದವು ಸುಣ್ಣಗಲ್ಲು, ಬೂದು ಬಣ್ಣ, ಮಳೆ ತಿಂದು ಮೂಲೆ ಮೊಂಡಾದವು. ನಮ್ಮ ಹೊಲದವು ಕೆಂಪು ಮರಳುಗಲ್ಲು. ಕಣ್ಣುಮುಚ್ಚಿ ಬೇರೆ ಮಾಡಬಹುದು. ಆದರೆ ಬೂದುಗಲ್ಲಿನ ನಡುವೆ ಬೇರೆ ಬೇರೆಯವೂ ಇದ್ದವು. ಒಂದು ಹೊಳೆಯ ಕಲ್ಲು, ಮೊಟ್ಟೆಯಷ್ಟು ನುಣುಪು. ಒಂದು ಕಪ್ಪು ಕಲ್ಲು, ಅಂಥದ್ದು ಚರ್ಚಿನ ಆಚೆಯ ಕಲ್ಲುಗಣಿಯಲ್ಲಿ ಮಾತ್ರ ಸಿಗುತ್ತದೆ. ಅವನ್ನು ಫೆಸ್ಟಸ್ ಬೇರೆಯಾಗಿ ಹುಲ್ಲಿನ ಮೇಲಿಟ್ಟ. ಯಾರು ಹೊತ್ತುಹೋದದ್ದೋ ಎಂದ.

ನಮ್ಮ ಕಡೆ ಮನೆಯಲ್ಲಿ ಸಾವಾದರೆ, ವರ್ಷದೊಳಗೆ ಮನೆಯವರು ಒಬ್ಬರು ಒಂದು ಕಲ್ಲು ಹೊತ್ತು ಮೇಲೆ ಹೋಗಿ ಗುಪ್ಪೆಗೆ ಸೇರಿಸುತ್ತಾರೆ. ಜುಲೈ ಕೊನೆಯ ಭಾನುವಾರ, ಕರಿಹಣ್ಣು ಬಿಡಿಸಲು ಊರೇ ಗುಡ್ಡ ಹತ್ತುವಾಗ. ಅಮ್ಮನ ಕಲ್ಲು ಹೊತ್ತವಳು ನಾನು. ದಾರಿಯಲ್ಲಿ ಎರಡು ಸಲ ಕೈ ಬದಲಾಯಿಸಿದೆ, ಕೆಳಗಿಡಬಾರದು ಎಂದಿದ್ದರು. ಅದು ನಮ್ಮ ಹೊಲದ ಕೆಂಪುಕಲ್ಲು. ಗೋಡೆಯಲ್ಲಿ ಎಷ್ಟೋ ಕೆಂಪುಕಲ್ಲಿದ್ದವು. ಕಲ್ಲಿಗೆ ಮುಖ ಇರುವುದಿಲ್ಲ.

ಅವನ್ನೂ ಬೇರೆ ಇಡು ಎಂದೆ. ಯಾವುದನ್ನು ಎಂದು ಅವನು ಕೇಳಲಿಲ್ಲ. ಕಂಡಿಯ ಜಾಗದಲ್ಲಿ ಕಟ್ಟಿದ್ದ ಕೆಂಪುಕಲ್ಲನ್ನೆಲ್ಲ ಇಟ್ಟ.

ಮೇ 27, ಮಂಗಳವಾರ

ನಾಲ್ಕು ಚಕ್ರದ ಸಣ್ಣ ಗಾಡಿಯಲ್ಲಿ ಮೇಲಿನ ಬೇಲಿಯವರೆಗೆ ಕಲ್ಲು ಸಾಗಿಸಿದೆ. ಅಲ್ಲಿಂದ ಬಕೆಟ್ಟಿನಲ್ಲಿ. ಸುಮ್ಮನೆ ಅಂಗಳದಲ್ಲಿ ಬಿದ್ದಿದ್ದರೆ ಎಡವಿ ಬೀಳುತ್ತೇವೆ, ಏಮರ್‌ಗೆ ಈಗ ಕಾಲು ಕಾಣುವುದಿಲ್ಲ, ಅದಕ್ಕೆ.

ಮೇಲೆ ಹೋದರೆ ಗುಪ್ಪೆಯ ಸುತ್ತ ಹಗ್ಗ. ಕಂಬ ನೆಟ್ಟಿದ್ದಾರೆ. ಸ್ಮಾರಕಗಳ ಕಚೇರಿಯವರ ಹಲಗೆ: ಹತ್ತಬಾರದು, ಕಲ್ಲು ತೆಗೆಯಬಾರದು, ಕಲ್ಲು ಹಾಕಬಾರದು. ಗುಪ್ಪೆ ಜರಿಯುತ್ತಿದೆಯಂತೆ. ತೆಗೆಯಬಾರದು ಎಂದರೆ ಅರ್ಥವಾಗುತ್ತದೆ. ಹಾಕಬಾರದು ಎಂದರೆ? ಹಾಕಿ ಹಾಕಿಯೇ ತಾನೆ ಅದು ಅಷ್ಟೆತ್ತರ ಆದದ್ದು.

ಹಗ್ಗ ದಾಟೋಣ ಎಂದುಕೊಂಡೆ. ಆಗಲೇ ದಾರಿಯಲ್ಲಿ ಯಾರೋ ಬೈನಾಕ್ಯುಲರ್ ಹಿಡಿದು ನಿಂತಿದ್ದರು. ಹಕ್ಕಿ ನೋಡುವವರೋ ನನ್ನನ್ನು ನೋಡುವವರೋ. ಕಲ್ಲನ್ನು ಹಗ್ಗದ ಈಚೆ ಸುರಿದು ಬಂದೆ. ಮಂಡಿ ಕಿರ್ರೆನ್ನುತ್ತಿದೆ.

ಜೂನ್ 10, ಮಂಗಳವಾರ

ಕಚೇರಿಯಿಂದ ಒಬ್ಬಳು ಬಂದಳು. ಶಿಬೇಲ್ ಅಂತೆ ಹೆಸರು, ಮೂವತ್ತು ದಾಟಿಲ್ಲ. ಹಗ್ಗದ ಹತ್ತಿರದ ರಾಶಿ ಯಾರದು ಎಂದು ವಿಚಾರಿಸುತ್ತಾ ವಿಚಾರಿಸುತ್ತಾ ನಮ್ಮ ಬಾಗಿಲಿಗೆ ಬಂದಿದ್ದಾಳೆ. ನನ್ನದು, ಅಲ್ಲ, ನನ್ನದಲ್ಲ, ಗುಪ್ಪೆಯದು ಎಂದು ಎಲ್ಲ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಾಯಿ ತಯಾರು ಮಾಡಿಕೊಂಡಿದ್ದೆ. ಅವಳು ಬಯ್ಯಲಿಲ್ಲ. ವಾಪಸ್ ತಂದಿದ್ದಕ್ಕೆ ಥ್ಯಾಂಕ್ಸ್ ಎಂದಳು. ತಯಾರಿ ದಂಡವಾಯಿತು.

ಆದರೆ ಮೇಲೆ ಇಡಲು ಬಿಡುವುದಿಲ್ಲ. ಯಾವ ಕಲ್ಲು ಎಲ್ಲಿತ್ತು ಎಂದು ತಿಳಿಯದೆ ಇಟ್ಟರೆ ಭಾರ ತಪ್ಪಿ ಇನ್ನಷ್ಟು ಜಾರುತ್ತದಂತೆ, ಒಳಗೆ ಇರುವ ಕೋಣೆಗೆ ಪೆಟ್ಟಾಗುತ್ತದಂತೆ. ಪರಿಣತರು ನೋಡಬೇಕು, ಮೇಲಿನವರು ಒಪ್ಪಬೇಕು, ಅದಕ್ಕೆ ಮುಂದಿನ ವರ್ಷವಾದರೂ ಆಗಬಹುದು. ಅಲ್ಲಿಯವರೆಗೆ ಹಗ್ಗದ ಈಚೆಯೇ ಇರಲಿ ಎಂದಳು.

ಮುಂದಿನ ವರ್ಷ ನನಗೆ ಉಪಯೋಗವಿಲ್ಲ, ಆಗಸ್ಟಿನೊಳಗೆ ಆಗಬೇಕು ಎಂದೆ. ಆಗಸ್ಟಿನಲ್ಲಿ ಏನಿದೆ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅವಳು ಚಹಾ ಲೋಟ ಕೆಳಗಿಟ್ಟಳು. ಅರ್ಧ ಕುಡಿದಿದ್ದಳು. ಕಡುಪಾಗಿತ್ತೋ ಏನೋ.

ಅವಳದ್ದೇನೂ ತಪ್ಪಿಲ್ಲ. ಅದಕ್ಕೇ ಇನ್ನೂ ಸಿಟ್ಟು.

ಜೂನ್ 22, ಭಾನುವಾರ

ಚರ್ಚಿನಲ್ಲಿ ಕನ್ಸೆಪ್ಟಾಳ ಬಾಯಿಯಿಂದ ಏಮರ್‌ಗೆ ಎಲ್ಲ ಗೊತ್ತಾಗಿದೆ. ಕನ್ಸೆಪ್ಟಾ ಅಂಚೆ ಕಚೇರಿಯಲ್ಲಿದ್ದವಳು, ನಿವೃತ್ತಿಯಾದ ಮೇಲೂ ಹಂಚುವ ಕೆಲಸ ಬಿಟ್ಟಿಲ್ಲ. ನಿಮ್ಮತ್ತೆ ಮಗುವಿಗಾಗಿ ಗುಡ್ಡಕ್ಕೆ ಕಲ್ಲು ಹೊರುತ್ತಿದ್ದಾಳಂತೆ, ಪಾಪ ಎಂದಳಂತೆ. ಪಾಪ ಎಂದಳಂತೆ ನನಗೆ.

ಮನೆಗೆ ಬಂದವಳೇ ಏಮರ್ ಕೋಟು ತೆಗೆಯದೆ ಅಡುಗೆಮನೆಯಲ್ಲಿ ನಿಂತಳು. ಅವಳು ಕೂಗುವವಳಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ನನ್ನ ಮಗು ಹೋಯ್ತು ಅಂತ ನಿನಗೆ ಖಾತ್ರಿಯಾಗ್ಬಿಟ್ಟಿದೆಯಾ, ಅತ್ತೆ? ಹುಟ್ಟೋಕೆ ಮೊದಲೇ ಕಲ್ಲು ಹೊರ್ತಾ ಇದ್ದೀಯಾ?”

“ಇವು ವಾಪಸ್ ಕೊಡೋ ಕಲ್ಲು ಕಣೇ. ಸತ್ತವರಿಗೆ ಹೊರೋ ಕಲ್ಲಲ್ಲ. ನಾನೇ ತಂದಿದ್ದು, ನಾನೇ ಇಡ್ತಾ ಇದ್ದೀನಿ.”

“ನೀನು ಇದನ್ನೆಲ್ಲ ನಂಬಲ್ಲ ಅಂತಿದ್ದೆ.”

“ನಂಬಲ್ಲ.”

“ಹಾಗಾದ್ರೆ ಯಾಕೆ?”

ಯಾಕೆ ಎಂದು ಗೊತ್ತಿದ್ದರೆ ಹೇಳುತ್ತಿದ್ದೆ. ಗೋಡೆ ವಾಲಿತ್ತು ಎಂದೆ. ಅವಳು ನಕ್ಕಳು, ಒಳ್ಳೆಯ ನಗು ಅಲ್ಲ. ಆಮೇಲೆ ಕುರ್ಚಿ ಎಳೆದು ಕೂತು, ಮೇಜಿನ ಬಟ್ಟೆಯ ಅಂಚು ಮಡಿಸುತ್ತಾ, “ಆ ಎರಡಕ್ಕೆ ಯಾರೂ ಹೊರಲಿಲ್ಲ ಅತ್ತೆ. ಅಪ್ಪನಿಗೆ ಹೊತ್ತೆ. ಅವಕ್ಕೆ ಹೊರಬಹುದಾ ಅಂತ ಕೇಳೋಕೂ ಹೆದರಿದ್ದೆ,” ಎಂದಳು.

ಹೆಸರಿಡುವ ಮೊದಲೇ ಹೋದವಕ್ಕೆ ಕಲ್ಲು ಹೊರುವ ಪದ್ಧತಿ ನಮ್ಮಲ್ಲಿ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿಂದಿನ ಕಾಲದಲ್ಲಿ ಅಂಥವನ್ನು ಚರ್ಚಿನ ಮಣ್ಣಿಗೂ ಸೇರಿಸುತ್ತಿರಲಿಲ್ಲ, ಬೇಲಿಯ ಮೂಲೆಯಲ್ಲಿ ಹೂಳಿ ಬಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮಮ್ಮನೂ ಹಾಗೇ ಒಂದನ್ನು ಕಳೆದುಕೊಂಡಿದ್ದಳು. ನಾನು ಕೇಳಿದಾಗ ಕೋಳಿಗೆ ಕಾಳು ಹಾಕು ಹೋಗು ಎಂದಿದ್ದಳು.

“ಅವಕ್ಕೆ ಹೆಸರಿದೆ,” ಎಂದು ಹೇಳಿ ಏಮರ್ ಎದ್ದು ಕೋಣೆಗೆ ಹೋದಳು.

ಜೂನ್ 23, ಸೋಮವಾರ

ಇವತ್ತು ಮಾತಿಲ್ಲ. ಬೆಳಿಗ್ಗೆ ಚಹಾ ತೆಳುವಾಗಿ ಮಾಡಿಬಿಟ್ಟಿದ್ದೆ, ಎಲೆ ಕಡಿಮೆ ಬಿತ್ತು ಎಂದು ಕಾಣುತ್ತದೆ. ಅವಳು ನೀರು ಬೆರೆಸದೆ ಕುಡಿದಳು.

ಜೂನ್ 29, ಭಾನುವಾರ

ಫೆಸ್ಟಸ್ ಹೊಸ ಗೋಡೆ ಮುಗಿಸಿದ. ಈ ಸಲ ನಿಜವಾಗಿ ವಾಲಿದೆ. ಹೇಳಲಿಲ್ಲ.

ನರ್ಸು ಬಂದಿದ್ದಳು. ಒತ್ತಡ ಇಳಿದಿಲ್ಲ, ಬರೆಯುತ್ತಿದ್ದೀರಾ ಎಂದಳು. ಬರೆಯುತ್ತಿದ್ದೇನೆ, ಪುಸ್ತಕಕ್ಕೆ ಪಟ್ಟಿ ಸುತ್ತಿ ನೋಡಿ, ಅದರದ್ದು ಏರಿರುತ್ತದೆ ಎಂದೆ.

ಜುಲೈ 14, ಸೋಮವಾರ

ಸ್ಕ್ಯಾನ್. ನನ್ನನ್ನು ಒಳಗೆ ಬಿಟ್ಟರು. ಏಮರ್ ಕೇಳಿಕೊಂಡಳಂತೆ. ಕತ್ತಲೆ ಕೋಣೆ. ಪರದೆಯ ಮೇಲೆ ಮಳೆಗಾಲದ ಕಿಟಕಿಯ ಹಾಗೆ ಏನೋ. ಇದು ತಲೆ, ಇದು ಕೈ ಎಂದು ತೋರಿಸಿದರು. ನಾನು ಕುರಿಯ ಹೊಟ್ಟೆಯೊಳಗೆ ಕೈ ಹಾಕಿ ಮರಿ ತಿರುಗಿಸಿದವಳು, ಯಾವುದು ಕಾಲು ಯಾವುದು ಮೂತಿ ಎಂದು ಬೆರಳಿಗೇ ತಿಳಿಯುತ್ತದೆ. ಇಲ್ಲಿ ಕಣ್ಣಿಟ್ಟು ನೋಡಿದರೂ ತಿಳಿಯಲಿಲ್ಲ. ಆಮೇಲೆ ಅದು ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡಿತು. ಅದು ಕಂಡಿತು.

ತಲೆಯ ಅಳತೆ ಸರಿಯಿದೆಯಂತೆ. ಇಲ್ಲಿಯವರೆಗೆ ಪರವಾಗಿಲ್ಲ ಎಂದಳು ಡಾಕ್ಟರಮ್ಮ. ಕಣ್ಣಿನ ವಿಷಯ ಹುಟ್ಟಿದ ಮೇಲೆಯೇ. ಇಲ್ಲಿಯವರೆಗೆ ಎನ್ನುವ ಮಾತನ್ನು ಯಾರು ಕಂಡುಹಿಡಿದರೋ, ಅವರನ್ನು ಒಂದು ರಾತ್ರಿ ನನ್ನ ಹಾಸಿಗೆಯಲ್ಲಿ ಮಲಗಿಸಬೇಕು.

ವಾಪಸ್ ಬರುವಾಗ ಏಮರ್ ಕಾರಿನಲ್ಲಿ ನಿದ್ದೆ ಹೋದಳು. ಗುಂಡಿ ಬಂದಲ್ಲೆಲ್ಲ ನಿಧಾನ ಮಾಡಿದೆ. ಹಿಂದೆ ಒಬ್ಬ ಹಾರ್ನ್ ಒತ್ತಿದ. ಇಳಿದು ಅವನ ಕಿಟಕಿಗೆ ಹೋಗಿ ಎರಡು ಮಾತು ಹೇಳಿ ಬಂದೆ. ಅವಳಿಗೆ ಎಚ್ಚರವಾಗಲಿಲ್ಲ, ಮೆತ್ತಗೆ ಹೇಳಿದ್ದೆ.

ಜುಲೈ 27, ಭಾನುವಾರ

ಕರಿಹಣ್ಣಿನ ಭಾನುವಾರ. ಕಾಲಿನ ಕೀಲು ನೋಯುತ್ತಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಎಲ್ಲ ಡಬ್ಬಿ, ಬಕೆಟ್ಟು ಹಿಡಿದು ಹೊರಟರು. ಏಮರ್ ಹತ್ತುವ ಸ್ಥಿತಿಯಲ್ಲಿ ಇಲ್ಲ. ಬಾಗಿಲಲ್ಲಿ ನಿಂತು ಕಾರ್ಡಿಗನ್ನಿನ ಜೇಬಿನಿಂದ ಎರಡು ಕಲ್ಲು ತೆಗೆದಳು. ಸಣ್ಣವು, ನಮ್ಮ ಬಾವಿಯ ಹತ್ತಿರದವು. ತೊಳೆದಿದ್ದಳು. ಅಂಗೈ ಮುಂದೆ ಚಾಚಿದಳು ಅಷ್ಟೇ. ಪದ್ಧತಿ ಇಲ್ಲ ಎಂದು ನಾನು ಹೇಳಿಯಾಗಿತ್ತು. ಅದನ್ನೇ ಮತ್ತೆ ಮತ್ತೆ ಹೇಳುತ್ತಾ ಕೂರಲು ನನಗೆ ಪುರುಸೊತ್ತಿರಲಿಲ್ಲ. ತೆಗೆದುಕೊಂಡೆ. ಅವಳು ಒಂದರ ಮೇಲೆ ಬೆರಳಿಟ್ಟು ಒಂದು ಹೆಸರು ಹೇಳಿದಳು, ಇನ್ನೊಂದರ ಮೇಲೆ ಇಟ್ಟು ಇನ್ನೊಂದು. ಇಲ್ಲಿ ಬರೆಯುವುದಿಲ್ಲ. ಅವು ಅವಳವು.

ದಾರಿಯುದ್ದಕ್ಕೂ ಕೆಳಗಿಡಲಿಲ್ಲ. ಕೈ ಬದಲಾಯಿಸಲೂ ಇಲ್ಲ, ಒಂದೊಂದು ಕೈಯಲ್ಲಿ ಒಂದೊಂದು. ಅದರಿಂದ ಬೇಲಿ ದಾಟುವಾಗ ಹಿಡಿದುಕೊಳ್ಳಲು ಕೈ ಇರಲಿಲ್ಲ. ಫೆಸ್ಟಸ್ ಸೊಂಟ ಹಿಡಿದು ಎತ್ತಿ ಆಚೆ ಇಳಿಸಿದ. ಐವತ್ತು ವರ್ಷ ಮೊದಲೇ ಹೀಗೆ ಎತ್ತಬೇಕಿತ್ತು ನಾನು ಎಂದ. ಐವತ್ತು ವರ್ಷ ಮೊದಲು ಹಲ್ಲು ಉದುರಿಸುತ್ತಿದ್ದೆ ಎಂದೆ. ಸುತ್ತಲಿದ್ದವರು ನಕ್ಕರು. ಅವರ ಬಾಯೆಲ್ಲ ಆಗಲೇ ಹಣ್ಣಿನಿಂದ ನೀಲಿ.

ಮೇಲೆ ಹಗ್ಗ ಹಾಗೇ ಇತ್ತು. ಕಚೇರಿಯ ಹಳದಿ ಅಂಗಿಯವರು ಇಬ್ಬರು, ಅವರ ಜೊತೆ ಆ ಶಿಬೇಲ್. ಈ ವರ್ಷ ಸಾವಾದ ಮನೆಯವರು ತಂದ ಕಲ್ಲುಗಳನ್ನೆಲ್ಲ ಹಗ್ಗದ ಈಚೆಯೇ ಇಡಿಸುತ್ತಿದ್ದರು. ಕೆಲವರು ಗೊಣಗಿದರು, ಇಟ್ಟರು. ನಾನು ಬಂದ ಮೇಲೆ ಶಿಬೇಲ್ ನನ್ನ ಕೈ ನೋಡಿದಳು. ಇವು ಗೋಡೆಯ ಕಲ್ಲಾ ಎಂದು ಕೇಳಿದಳು. ಅಲ್ಲ ಎಂದೆ. ಯಾರಿಗೆ ಎಂದಳು. ನಾನು ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ನಿನಗ್ಯಾಕೆ ಎನ್ನುವವಳು. ಬಾಯಿ ತೆಗೆದೆ. ಗಾಳಿ ಜೋರಾಗಿತ್ತು, ಕಣ್ಣಲ್ಲಿ ನೀರು ಬರುತ್ತದೆ ಆ ಗಾಳಿಗೆ.

“ಮಕ್ಕಳಿಗೆ. ಎರಡು,” ಎಂದು ಫೆಸ್ಟಸ್ ಹಿಂದಿನಿಂದ ಹೇಳಿದ.

ಆ ಹುಡುಗಿ ಹಳದಿ ಅಂಗಿಯವರ ಕಡೆ ತಿರುಗಿ ಅವರ ಹತ್ತಿರ ಏನೋ ಮಾತಿಗೆ ನಿಂತಳು, ನನಗೆ ಬೆನ್ನು ಹಾಕಿ. ನಾನು ಹಗ್ಗ ಎತ್ತಿ ಒಳಗೆ ಹೋಗಿ, ಅತ್ತಿತ್ತ ಅಲುಗಾಡದ ಹಾಗೆ ಬುಡದಲ್ಲೇ ಎರಡು ದೊಡ್ಡ ಕಲ್ಲಿನ ಸಂದಿಯಲ್ಲಿ ಇಟ್ಟು ಬಂದೆ. ಗೋಡೆಯಿಂದ ಬಿಚ್ಚಿದವು ಹಗ್ಗದ ಈಚೆಯೇ ಇವೆ. ಅವಕ್ಕೆ ಕೇಳಲಿಲ್ಲ. ಒಂದೇ ದಿನ ಎರಡು ಸಲ ಬೆನ್ನು ತಿರುಗಿಸು ಎನ್ನಲು ನನಗೂ ನಾಚಿಕೆ ಇದೆ.

ಕೆಳಗೆ ಬಂದಾಗ ಏಮರ್ ಅಂಗಳದ ಗೋಡೆಯ ಮೇಲೆ ಕೂತು ಕಾಯುತ್ತಿದ್ದಳು. ಒಳಗಾ ಹೊರಗಾ ಎಂದು ಕೇಳಿದಳು. ಒಳಗೆ ಎಂದೆ. ಒಂದು ಡಬ್ಬಿ ಹಣ್ಣು ಕೊಟ್ಟೆ. ಅಷ್ಟನ್ನೂ ಅಲ್ಲೇ ಕೂತು ತಿಂದಳು, ನನಗೆ ಒಂದೂ ಇಡಲಿಲ್ಲ.

ಜುಲೈ 30, ಬುಧವಾರ

ಎರಡು ದಿನದಿಂದ ಮನೆಯೊಳಗೆ ಓಡಾಡಿ ಓಡಾಡಿ ನೆಲ ಸವೆಸುತ್ತಿದ್ದೇನೆ. ಅತ್ತೆ, ಕೂತ್ಕೋ ಎಂದಳು ಏಮರ್. ಕೂತೆ. ಎದ್ದೆ. ಹೊರಗೆ ಗುಡ್ಡ ಇವತ್ತು ಬರಿದಾಗಿದೆ, ಒಂದು ಚೂರೂ ಮೋಡ ಇಲ್ಲ. ಗುಪ್ಪೆ ನೆಟ್ಟಗೆ ಕಿಟಕಿಯೊಳಗೇ ನೋಡುತ್ತಿದೆ. ಅದಕ್ಕೆ ಬರೆಯುತ್ತಿದ್ದೇನೆ. ಇದು ಈ ಪುಸ್ತಕಕ್ಕಲ್ಲ. ಯಾರಿಗೆ ಎಂದು ಅವಳಿಗೆ ಗೊತ್ತಾಗುತ್ತದೆ.

ಗುಡ್ಡದ ಮೇಲಿನವಳೇ,

ನಾನು ನಿನ್ನನ್ನು ನಂಬುವುದಿಲ್ಲ. ಅದು ಬೇರೆ ವಿಷಯ, ಅದನ್ನು ಇಲ್ಲಿ ತರಬೇಡ.

ನಿನ್ನ ಕಲ್ಲನ್ನು ದೊಡ್ಡಿಯ ಗೋಡೆಗೆ ಇಟ್ಟವಳು ನಾನು. ಫೆಸ್ಟಸ್ ಬೇಡ ಎಂದಿದ್ದ, ಅವನನ್ನು ಬಿಡು. ವಾಪಸ್ ತಂದಿದ್ದೇನೆ. ಒಂದನ್ನೂ ಇಟ್ಟುಕೊಂಡಿಲ್ಲ. ಹಗ್ಗದ ಈಚೆ ಇವೆ ಎಂದು ನೆಪ ತೆಗೆಯಬೇಡ, ಹಗ್ಗ ನಾನು ಕಟ್ಟಿದ್ದಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಹಾರುವವಳಿಗೆ ಒಂದು ಮಾರು ದೂರ ಏನು ಮಹಾ. ಬೇಕಾದರೆ ತಗೋ.

ಒಂದು ಕಲ್ಲಿಗೆ ಬದಲು ಏನೋ ಒಯ್ಯುತ್ತೀಯಂತೆ. ಮರಿಗಳನ್ನು ಒಯ್ದೆ. ಆಯಿತು. ಇನ್ನೂ ಸಾಲದು ಎಂದು ನಿನಗನ್ನಿಸಿದರೆ ಈ ಮನೆಯಲ್ಲಿ ನಾನಿದ್ದೇನೆ. ಆ ಒದ್ದೆ ಮರಿಯನ್ನು ಅವಳ ಮಡಿಲಿಗೆ ಹಾಕಿದವಳೂ ನಾನೇ. ಕೇಳುವುದು ಏನಿದ್ದರೂ ನನ್ನನ್ನು ಕೇಳು. ನಾವಿಬ್ಬರೂ ಮುದುಕಿಯರು, ನಮ್ಮ ನಡುವೆ ಮುಗಿಸಿಕೊಳ್ಳೋಣ. ಆ ಹುಡುಗಿಯ ದಾರಿಗೆ ಅಡ್ಡ ಬರಬೇಡ. ಅವಳಿಂದ ಎರಡು ಆಗಲೇ ಹೋಗಿವೆ. ಅವು ಈಗ ನಿನ್ನ ಹತ್ತಿರವೇ ಇವೆ, ಸರಿಯಾಗಿ ನೋಡಿಕೋ.

ಈ ಮೂರನೆಯದು ಇಲ್ಲೇ ಇರಬೇಕು. ಕಣ್ಣು ಬಿಡಬೇಕು. ನಾನು ಬೆರಳು ಆಡಿಸಿದರೆ ಬೆರಳು ಹೋದ ಕಡೆ ಅದರ ಕಣ್ಣು ಬರಬೇಕು. ಇರಬಹುದು, ಹೋಗಬಹುದು, ಇಲ್ಲಿಯವರೆಗೆ, ಮುಂದಿನ ವರ್ಷ, ಇವೆಲ್ಲ ನನಗೆ ಬೇಡ. ಎಲ್ಲರಿಂದಲೂ ಕೇಳಿ ಸಾಕಾಗಿದೆ.

ಹೌದು ಅಥವಾ ಇಲ್ಲ. ಆಗಸ್ಟ್ 14, ಗುರುವಾರದೊಳಗೆ ಉತ್ತರ ಬರಬೇಕು.